ಸಹಿ ಹಾಕದ ಲ್ಯಾಬ್ ಮೇಡಂ

ಹೋದ ತಿಂಗಳು ನಮ್ಮ ಕಾಲೇಜಿನ ಸೂಪರಿಂಟೆಂಡೆಂಟರಿಗೆ ಬೀಳ್ಕೊಡುಗೆ ಕೊಟ್ಟೆವು. ಪೇಟ ತೊಡಿಸಿದರು, ಶಾಲು ಹೊದಿಸಿದರು, ಇಬ್ಬರು ಹಿಡಿದು ತರಬೇಕಾದಷ್ಟು ದೊಡ್ಡ ಹಾರ ಹಾಕಿದರು. ಮಾತಾಡಲು ಎದ್ದವರೊಬ್ಬರು, ‘ಮಳವಳ್ಳಿಯಂಥ ಊರಿನ ಕಾಲೇಜಿಗೆ ಕಂಪ್ಯೂಟರ್ ಯುಗ ತಂದ ಮಹನೀಯರು’ ಎಂದರು. ಸಭೆ ಚಪ್ಪಾಳೆ ತಟ್ಟಿತು. ನನ್ನ ಕೈಗಳೂ ಅರ್ಧಕ್ಕೆ ಎದ್ದಿದ್ದವು. ಇಷ್ಟು ವರ್ಷದ ನೌಕರಿ ಕಲಿಸಿದ ಅಭ್ಯಾಸ ಅದು. ಆ ಕೈಗಳನ್ನು ನೋಡಿಕೊಂಡು ನನಗೇ ಹೇಸಿಗೆಯಾಯಿತು. ಎದ್ದು ಹೊರಗೆ ಬಂದೆ.

ಕಾಲೇಜಿಗೆ ಕಂಪ್ಯೂಟರ್ ತಂದವರು ಯಾರೋ ನಾನರಿಯೆ. ಅವು ಹದಿನಾಲ್ಕು ವರ್ಷ ನಡೆಯುವಂತೆ ನೋಡಿಕೊಂಡವರು ಯಾರೆಂದು ಬಲ್ಲೆ. ಅವರಿಗೆ ನಾವು ಹಾರ ಹಾಕಲಿಲ್ಲ. ಹೋಗುವ ದಿನ ಒಂದು ಲೋಟ ಕಾಫಿ ಕೊಡಲಿಲ್ಲ. ಕೊಟ್ಟದ್ದು ಒಂದು ನೋಟೀಸು. ಅವರ ಬಗ್ಗೆ ಬರೆಯುತ್ತೇನೆ ಎಂದಾಗ, “ಬರೀರಿ. ಆದ್ರೆ ನನ್ನೆಸ್ರು ಬ್ಯಾಡ. ನಿಮ್ಮ ಕಾಲೇಜಿನ ಮಾತ್ಗೆ ನನ್ನೆಸ್ರು ಅಂಟ್ಕೊಳೋದು ನಂಗಿಷ್ಟ ಇಲ್ಲ” ಎಂದರು. ಹಾಗಾಗಿ ಹೆಸರಿಲ್ಲ. ನಾವೆಲ್ಲ ಅವರನ್ನು ಲ್ಯಾಬ್ ಮೇಡಂ ಎನ್ನುತ್ತಿದ್ದೆವು, ಇಲ್ಲೂ ಅಷ್ಟೇ.

ಹಲಗೂರಿನ ಹತ್ತಿರದ ಒಂದು ಹಳ್ಳಿಯವರು. ತಂದೆ ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಯಂತ್ರಗಳ ನಡುವೆ ದುಡಿದವರು. ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಬರುತ್ತಿದ್ದರು. ಬಸ್ಸಿನಲ್ಲಿ ನಿಂತೇ ಬಂದರೂ ಸೀರೆಯ ಮಡಿಕೆ ಕೆಡುತ್ತಿರಲಿಲ್ಲ. ಬಂದವರೇ ಲ್ಯಾಬಿನ ಬೀಗ ತೆಗೆದು, ಕಿಟಕಿ ತೆರೆದು, ಒಂದೊಂದೇ ಕಂಪ್ಯೂಟರ್ ಹಚ್ಚಿ, ಅದು ಪೂರ್ತಿ ಎದ್ದು ನಿಲ್ಲುವವರೆಗೆ ಮುಂದಿನದಕ್ಕೆ ಹೋಗುತ್ತಿರಲಿಲ್ಲ. ಅವರ ಮೇಜಿನ ಗಾಜಿನ ಕೆಳಗೆ ಬುದ್ಧನ ಒಂದು ಪುಟ್ಟ ಚಿತ್ರವಿತ್ತು. ಅವರ ಮನೆಯವರು ಬೌದ್ಧರು. ಇಲ್ಲಿ ಹಾಗೆಂದರೆ ಏನೆಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಆದರೆ ಊಟದ ಹೊತ್ತಿನಲ್ಲಿ ಎಲ್ಲರ ಡಬ್ಬಿಗೂ ಚಾಚುವ ಕೆಲವರ ಕೈ ಅವರ ಡಬ್ಬಿಯ ಹತ್ತಿರ ಹೋಗುತ್ತಿರಲಿಲ್ಲ. ಅದು ಅವರಿಗೆ ಕಾಣದೆ ಇರಲಿಲ್ಲ. ಒಂದು ವರ್ಷದ ನಂತರ ಡಬ್ಬಿಯನ್ನು ಲ್ಯಾಬಿನಲ್ಲೇ ತೆರೆಯತೊಡಗಿದರು.

ಭಾರಿ ಸಿಟ್ಟಿನ ಹೆಂಗಸು. ನಾನು ಕನ್ನಡದ ಮೇಷ್ಟ್ರು, ಟೈಪ್ ಮಾಡಲು ಬರುತ್ತದೆ ಎನ್ನುವ ಒಂದೇ ಅರ್ಹತೆಯ ಮೇಲೆ ನನ್ನನ್ನು ಕಂಪ್ಯೂಟರ್ ಸಮಿತಿಗೆ ಹಾಕಿದ್ದರು. ಒಂದು ದಿನ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದವನು ಓಡಿಹೋಗಿ, “ಮೇಡಂ, ಏನೋ ಎರರ್ ಬಂತು” ಎಂದೆ.

“ಏನೋ ಅನ್ನೋ ಎರರ್ ಇಲ್ಲ ಸಾರ್. ಏನ್ ಬರ್ದಿತ್ತು?”

“ಓದಲಿಲ್ಲ. ಓಕೆ ಒತ್ತಿಬಿಟ್ಟೆ.”

“ಕನ್ನಡ ಎಂ.ಎ. ಮಾಡಿರೋರು, ಎದುರುಗಡೆ ನಾಕು ಸಾಲು ಬರ್ದಿದ್ರೆ ಓದಕ್ಕಾಗಲ್ವಾ? ಓಗಿ, ಇನ್ನೊಂದ್ಸಲ ಎರರ್ ಬರ್ಸಿ, ಚೀಟಿಲಿ ಬರ್ಕೊಂಡು ಬನ್ನಿ.”

ಹೋಗಿ ಬರೆದುಕೊಂಡು ಬಂದೆ. ಹದಿನೈದು ವಿದ್ಯಾರ್ಥಿಗಳು ನಗುತ್ತಿದ್ದರು. ಅವರಿಗೂ ಅದೇ ಪಾಠವಾಗಿತ್ತು. ಬೈಸಿಕೊಳ್ಳದ ಹುಡುಗ ಹುಡುಗಿಯರೇ ಇರಲಿಲ್ಲ. ಮೇಡಂ ಲ್ಯಾಬಿನಲ್ಲಿ ಪಾಸಾಗದವರೂ ಬಹಳ ಕಡಿಮೆ.

ಒಂದು ಆಯುಧಪೂಜೆಯ ಜಗಳ ನೆನಪಾಗುತ್ತದೆ. ಸೂಪರಿಂಟೆಂಡೆಂಟರು ಅರಿಶಿನ, ಕುಂಕುಮದ ತಟ್ಟೆ ಹಿಡಿದು ಲ್ಯಾಬಿಗೆ ಬಂದು ಕೀಬೋರ್ಡುಗಳ ಮೇಲೆ ಧಾರಾಳವಾಗಿ ಎರಚತೊಡಗಿದರು. ಮೇಡಂ ಅಡ್ಡ ನಿಂತರು.

“ಸಾರ್, ಪೂಜೆ ಮಾಡ್ಕೊಳಿ. ಗೋಡೆಗೆ ಅಚ್ಚಿ, ಬಾಗ್ಲಿಗೆ ಅಚ್ಚಿ. ಕೀಬೋರ್ಡ್ ಒಳಕ್ಕೆ ಪುಡಿ ಬೀಳಸ್ಬೇಡಿ. ಕೀಲಿ ಕಚ್ಕೊತವೆ. ಓದ್ವರ್ಸ ಆರು ಕೀಬೋರ್ಡ್ ಕೆಟ್ಟೋದ್ವು.”

“ನಿಂಗೇನಮ್ಮ ಗೊತ್ತು ಪೂಜೆ ವಿಚಾರ?” ಎಂದರು ಅವರು.

“ಪೂಜೆ ವಿಚಾರ ನಾನೆಲ್ಲಿ ಆಡ್ದೆ? ಕೀಬೋರ್ಡ್ ವಿಚಾರ ಗೊತ್ತು.”

ಆ ವರ್ಷ ಕುಂಕುಮ ಬಾಗಿಲಿಗೇ ನಿಂತಿತು. ಸೂಪರಿಂಟೆಂಡೆಂಟರು ಅದನ್ನು ಮರೆಯಲಿಲ್ಲ.

ಇನ್ನು ನನ್ನ ಹೊಟ್ಟೆ ಇವತ್ತಿಗೂ ಉರಿಯುವ ಸಂಗತಿಗೆ ಬರುತ್ತೇನೆ. ಎರಡು ವರ್ಷದ ಹಿಂದೆ ಕಾಲೇಜಿಗೆ ಇಪ್ಪತ್ತನಾಲ್ಕು ಹೊಸ ಕಂಪ್ಯೂಟರ್ ಬಂದವು. ಇಪ್ಪತ್ತಮೂರು ಲ್ಯಾಬಿಗೆ, ಒಂದು ಆಫೀಸಿಗೆ. ಎಲ್ಲದರಲ್ಲೂ ವಿಂಡೋಸ್ ಇತ್ತು. ಲೆಕ್ಕಶಾಸ್ತ್ರದ ಮಕ್ಕಳಿಗೆ ಅದು ಬೇಕು. ಬಿ.ಸಿ.ಎ. ಮಕ್ಕಳ ಪಠ್ಯದಲ್ಲಿ ವಿಂಡೋಸಿನ ಬದಲು ಯಂತ್ರ ನಡೆಸುವ ಲಿನಕ್ಸ್ ಇದೆ, ಪ್ರಾಯೋಗಿಕ ಪರೀಕ್ಷೆಯೂ ಅದರಲ್ಲೇ. ಆದ್ದರಿಂದ ಲ್ಯಾಬಿನ ಪ್ರತಿ ಯಂತ್ರದಲ್ಲೂ ಎರಡೂ ಇರಬೇಕು, ಹಚ್ಚಿದಾಗ ಯಾವುದು ಬೇಕೆಂದು ಕೇಳಬೇಕು. ಹಳೆಯ ಕಂಪ್ಯೂಟರುಗಳಲ್ಲಿ ಮೇಡಂ ಅದನ್ನು ಎಷ್ಟೋ ಸಲ ಮಾಡಿದ್ದರು. ಹೊಸದರಲ್ಲಿ ಲಿನಕ್ಸ್ ಹಾಕಲು ಹೊರಟರೆ, ಈ ಯಂತ್ರದಲ್ಲಿ ಹಾರ್ಡ್ ಡಿಸ್ಕೇ ಇಲ್ಲ ಎಂದು ಬಂತು. ಅದೇ ಡಿಸ್ಕಿನಿಂದ ವಿಂಡೋಸ್ ಮಾತ್ರ ಸಲೀಸಾಗಿ ಏಳುತ್ತಿತ್ತು.

ಮಾಲು ಕೊಟ್ಟವನು ಮಂಡ್ಯದಿಂದ ಬಂದು ನೋಡಿ, “ಈ ಮಾಡೆಲ್‌ಗೆ ಲಿನಕ್ಸ್ ಕೂರಲ್ಲ ಮೇಡಂ. ಬೇಕೇ ಬೇಕು ಅಂದ್ರೆ ವಿಂಡೋಸ್ ಪೂರ್ತಿ ಅಳಿಸ್ಬುಡಿ” ಎಂದು ಹೇಳಿ ಹೊರಟ. ಮೇಡಂಗೆ ರೇಗಿಹೋಯಿತು. “ಕೂರಲ್ವಂತೆ! ಯಾಕೆ ಕೂರಲ್ಲ ಅಂತ ಯೋಳೋ ಯೋಗ್ತೆ ಇಲ್ಲ” ಎಂದು ಬಾಗಿಲು ಹಾಕಿಕೊಂಡು ಕೂತರು. ಮೂರು ದಿನ ಕೂತರು. ಎರಡನೇ ದಿನ ಮಧ್ಯಾಹ್ನ ನಾನು ಇಣುಕಿದಾಗ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ನೋಟ್‌ಬುಕ್ಕಿನಲ್ಲಿ ತೆರೆಯ ಮೇಲೆ ಬಂದ ಪ್ರತಿ ಸಾಲನ್ನೂ ಬರೆದುಕೊಳ್ಳುತ್ತಿದ್ದರು. ಮೂರನೇ ದಿನ ಸಂಜೆ ತಾವೇ ನನ್ನನ್ನು ಕರೆದರು. ಅಷ್ಟು ವರ್ಷದಲ್ಲಿ ಅವರ ಮುಖದಲ್ಲಿ ಅಂಥ ನಗು ನಾನು ನೋಡಿದ್ದು ಅದೊಂದೇ ಸಲ.

“ಡಿಸ್ಕ್ ಅಲ್ಲೇ ಐತೆ ಸಾರ್, ಎಲ್ಲೂ ಓಗಿಲ್ಲ. ಫ್ಯಾಕ್ಟರಿಯವ್ರು ಒಂದು ಸೆಟ್ಟಿಂಗ್ ಮಡಗವ್ರೆ. ಅದು ಡಿಸ್ಕ್ ಮುಂದೆ ಕಾವಲುಗಾರ ಕೂತಂಗೆ. ಅವನ್ನ ಮಾತಾಡ್ಸೋಕೆ ಬೇಕಾದ ಡ್ರೈವರ್ ವಿಂಡೋಸ್ ಅತ್ರ ಐತೆ, ಲಿನಕ್ಸ್ ಅತ್ರ ಇಲ್ಲ. ಅದ್ಕೆ ಒಳಗೆ ಏನೂ ಇಲ್ಲ ಅಂದ್ಕೊಂಡು ವಾಪಸ್ ಬತ್ತದೆ.”

“ಆ ಕಾವಲುಗಾರನನ್ನು ಎಬ್ಬಿಸಿ ಕಳಿಸಿದರೆ?”

“ಲಿನಕ್ಸಿಗೆ ಡಿಸ್ಕ್ ಕಾಣ್ತದೆ. ಆದ್ರೆ ವಿಂಡೋಸ್ ಮಕಾಡೆ ಬೀಳ್ತದೆ. ಅದು ಅವನ್ನೇ ನಂಬ್ಕೊಂಡಿತ್ತಲ್ಲ? ಅದ್ಕೆ, ಮೊದ್ಲು ವಿಂಡೋಸನ್ನ ಸೇಫ್ ಮೋಡಿಗೆ, ಅಂದ್ರೆ ಅತೀ ಬೇಕಾದಷ್ಟ್ರಲ್ಲೇ ಏಳೋ ಅಂಗೆ, ತರ್ಬೇಕು. ಆಮೇಲೆ ಸೆಟ್ಟಿಂಗ್ ಬದ್ಲಾಯಿಸ್ಬೇಕು. ಆಗ ವಿಂಡೋಸ್ ಒಸಿ ತಡಕಾಡಿ ಬೇರೆ ಡ್ರೈವರ್ ಉಡುಕ್ಕೊತದೆ. ಎರಡೂ ಬದ್ಕೊಳ್ತವೆ. ಒಂದೂ ಅಳಿಸ್ಬೇಕಾಗಿಲ್ಲ.”

ಒಂದು ಯಂತ್ರದಲ್ಲಿ ಮಾಡಿ ತೋರಿಸಿದರು. ಎರಡೂ ಎದ್ದವು. ಇಡೀ ಕ್ರಮವನ್ನು ಕನ್ನಡದಲ್ಲಿ ದುಂಡಾಗಿ ಬರೆದು ಲ್ಯಾಬಿನ ಬಾಗಿಲಿಗೆ ಅಂಟಿಸಿದರು. ‘ಮೊದಲನೇ ಹೆಜ್ಜೆ ಬಿಟ್ಟರೆ ವಿಂಡೋಸ್ ಏಳುವುದಿಲ್ಲ’ ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದರು. ಉಳಿದ ಯಂತ್ರಗಳಿಗೆ ಕೈ ಹಾಕುವ ಮುಂಚೆ ಅನುಮತಿ ಕೇಳಿ ಅರ್ಜಿ ಕೊಟ್ಟರು. ಅದು ಸೂಪರಿಂಟೆಂಡೆಂಟರ ಟ್ರೇಯಲ್ಲಿ ಎರಡು ವಾರ ಕೂತಿತು. ಕೇಳಿದಾಗಲೆಲ್ಲ, “ನೋಡಾಣ ಬುಡಮ್ಮ” ಎನ್ನುತ್ತಿದ್ದರು.

ಅಷ್ಟರಲ್ಲಿ ಆಡಳಿತ ಮಂಡಳಿಯ ಅಧ್ಯಕ್ಷರು ಸೋಮವಾರ ಹೊಸ ಲ್ಯಾಬ್ ನೋಡಲು ಬರುತ್ತಾರೆಂದು ಸುದ್ದಿ ಬಂತು. ಶನಿವಾರ ಮೇಡಂ ರಜೆಯಲ್ಲಿದ್ದರು. ತಾಯಿಗೆ ಮಂಡ್ಯದಲ್ಲಿ ಕಣ್ಣಿನ ಆಪರೇಶನ್ ಇತ್ತು. ಸೂಪರಿಂಟೆಂಡೆಂಟರಿಗೆ ಅಧ್ಯಕ್ಷರ ಮುಂದೆ ತಾವೇ ಕೆಲಸ ಮುಗಿಸಿದವರು ಎನ್ನಿಸಿಕೊಳ್ಳುವ ಆಸೆ. ಮಂಡ್ಯದ ಅದೇ ಮನುಷ್ಯನನ್ನು ಕರೆಸಿದರು. ನಾನು ಉತ್ತರಪತ್ರಿಕೆ ತರಲು ಹೋದವನು ಲ್ಯಾಬಿನ ಬಾಗಿಲಲ್ಲಿ ಅವರಿಬ್ಬರನ್ನು ನೋಡಿದೆ. ಅವನು ಬಾಗಿಲಿನ ಹಾಳೆ ಓದುತ್ತ, “ಇಲ್ಲೇನೋ ಮೊದಲನೇ ಹೆಜ್ಜೆ ಅಂತ ಬರೆದವ್ರೆ ಸಾರ್” ಎಂದ. “ಅವೆಲ್ಲ ಆಯಮ್ಮನ ಪುರಾಣ. ಒಂದೊಂದಕ್ಕೂ ಅಷ್ಟೊತ್ತು ಮಾಡ್ಕೊಂಡು ಕೂತ್ರೆ ಸೋಮ್ವಾರಕ್ಕೆ ಆಗ್ತದಾ? ನೀನು ಸೆಟ್ಟಿಂಗ್ ಬದ್ಲಾಯ್ಸು” ಎಂದು ಸೂಪರಿಂಟೆಂಡೆಂಟರು ಹಾಳೆಯನ್ನು ಕಿತ್ತು, ಮುದುರಿ, ಜೇಬಿಗೆ ಹಾಕಿಕೊಂಡರು. ನನ್ನನ್ನು ನೋಡಿ, “ಬನ್ನಿ ಮೇಷ್ಟ್ರೇ” ಎಂದರು. ನಾನು ಕೆಲಸವಿದೆ ಎಂದು ಹೊರಟೆ.

ಸೋಮವಾರ ಅಧ್ಯಕ್ಷರು ಬಂದರು. ಮೇಡಂ ಸರಿಮಾಡಿದ್ದ ಒಂದನ್ನು ಬಿಟ್ಟು ಉಳಿದೆಲ್ಲ ತೆರೆಗಳೂ ನೀಲಿ, ವಿಂಡೋಸ್ ಏಳಲೊಲ್ಲದು. ಶನಿವಾರ ಸೆಟ್ಟಿಂಗ್ ಬದಲಿಸಿದವರು ಒಂದನ್ನೂ ಹಚ್ಚಿ ನೋಡಿರಲಿಲ್ಲ. ಅವಸರದಲ್ಲಿ ಆಫೀಸಿನ ಕಂಪ್ಯೂಟರಿಗೂ ಅದನ್ನೇ ಮಾಡಿದ್ದರಿಂದ ಅದೂ ನೀಲಿ. ಅದರೊಳಗೆ ಕೊನೆಯ ವರ್ಷದ ಮಕ್ಕಳ ಆಂತರಿಕ ಅಂಕಗಳಿದ್ದವು. ವಿಶ್ವವಿದ್ಯಾಲಯಕ್ಕೆ ಕಳಿಸಲು ಮೂರು ದಿನ ಉಳಿದಿತ್ತು.

ಪ್ರಿನ್ಸಿಪಾಲರ ಕೋಣೆಯಲ್ಲಿ ಅಧ್ಯಕ್ಷರು, ಪ್ರಿನ್ಸಿಪಾಲರು, ಸೂಪರಿಂಟೆಂಡೆಂಟರು, ಸಮಿತಿಯ ಸದಸ್ಯನಾಗಿ ನಾನು. ಮೇಡಂ ನಿಂತಿದ್ದರು. ಯಾರೂ ಕೂರಿ ಎನ್ನಲಿಲ್ಲ.

“ಲಿನಕ್ಸು ಅದು ಇದು ಅಂತ ಆಯಮ್ಮ ತಿಂಗ್ಳಿಂದ ಏನೇನೋ ಮಾಡ್ತಿತ್ತು ಸಾರ್. ಎಲ್ಲಾ ಅಳಿಸೋಗದೆ” ಎಂದರು ಸೂಪರಿಂಟೆಂಡೆಂಟರು. ಅಲ್ಲಿಗೆ ನಿಲ್ಲಿಸಲಿಲ್ಲ. “ಯಾರ್ಯಾರ್ನೋ ತಂದು ಇಂಥ ಕ್ಯಾಮೆಗೆ ಕೂರಿಸುದ್ರೆ ಇನ್ನೇನಾಗ್ತದೆ? ಅವ್ರವ್ರಿಗೆ ಒಗ್ಗೋ ಕ್ಯಾಮೆ ಕೊಡ್ಬೇಕು.”

ಆ ಮಾತಿನ ಅರ್ಥ ಕೋಣೆಯಲ್ಲಿದ್ದ ಒಬ್ಬೊಬ್ಬರಿಗೂ ಆಯಿತು. ಪ್ರಿನ್ಸಿಪಾಲರು ಪೇಪರ್‌ವೇಟ್ ತಿರುಗಿಸತೊಡಗಿದರು. ಮೇಡಂ ಮುಖ ಕೆಂಪಾಯಿತು. ದನಿ ಮಾತ್ರ ಏರಲಿಲ್ಲ.

“ಯಾರ್ಯಾರೋ ಅಂದ್ರೆ ಯಾರು ಸಾರ್? ಬುಡ್ಸಿ ಯೋಳಿ. ನಾನು ಬರ್ಕೊತೀನಿ.”

ಸೂಪರಿಂಟೆಂಡೆಂಟರು ಕಿಟಕಿಯ ಕಡೆ ತಿರುಗಿದರು. ಮೇಡಂ ನನ್ನ ಕಡೆ ತಿರುಗಿದರು.

“ಸನಿವಾರ ನಾನು ಮಂಡ್ಯದಲ್ಲಿದ್ದೆ. ನೀವು ಇಲ್ಲಿದ್ರಿ ಅಂತ ಜವಾನ ಯೋಳ್ದ. ಲ್ಯಾಬಿಗೆ ಯಾರು ಬಂದಿದ್ರು ಸಾರ್? ನೀವೇ ಯೋಳಿ.”

ನನ್ನ ಬಡ್ತಿಯ ಕಡತ ಆಗ ಸೂಪರಿಂಟೆಂಡೆಂಟರ ಮೇಜಿನ ಮೇಲಿತ್ತು. ಅದೂ ಅಲ್ಲದೆ ಅವರು ನಮ್ಮ ಜನ. ನಮ್ಮ ಮನೆಯ ಮದುವೆಗಳಿಗೆ ಬಂದು ಮುಂದಿನ ಸಾಲಿನಲ್ಲಿ ಕೂರುವವರು. ಇದನ್ನೆಲ್ಲ ಆಗ ನಿಧಾನವಾಗಿ ಯೋಚಿಸಿದೆ ಎಂದಲ್ಲ. ಯೋಚಿಸುವ ಮೊದಲೇ ಬಾಯಿ ಹೇಳಿಬಿಟ್ಟಿತ್ತು: “ನಾನು ಅಷ್ಟಾಗಿ ಗಮನಿಸಲಿಲ್ಲ.”

ಮೇಡಂ ನನ್ನನ್ನು ನೋಡಿದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಬೈಯಲಿಲ್ಲ. ಅಧ್ಯಕ್ಷರ ಕಡೆ ತಿರುಗಿ, “ಹತ್ತು ನಿಮಿಷ ಕೊಡಿ” ಎಂದು ಆಫೀಸಿಗೆ ನಡೆದರು. ನಾವೆಲ್ಲ ಹಿಂದೆ ಹೋದೆವು. ಕಂಪ್ಯೂಟರ್ ಆರಿಸಿ ಹಚ್ಚಿದರು, ಒಂದು ಕೀಲಿ ಒತ್ತಿ ಸೆಟ್ಟಿಂಗುಗಳ ಪುಟಕ್ಕೆ ಹೋದರು, ಶನಿವಾರ ಬದಲಾಯಿಸಿದ್ದನ್ನು ಮೊದಲಿನಂತೆ ಮಾಡಿದರು. ಹತ್ತು ನಿಮಿಷವೂ ಬೇಕಾಗಲಿಲ್ಲ. ವಿಂಡೋಸ್ ಎದ್ದಿತು. ಅಂಕಪಟ್ಟಿ ತೆರೆದರು. ಒಂದು ಅಂಕವೂ ಅಳಿಸಿರಲಿಲ್ಲ.

“ಏನೂ ಆಗಿಲ್ವಲ್ಲ! ಸರಿ ಬಿಡಿ ಬಿಡಿ” ಎಂದು ಅಧ್ಯಕ್ಷರು ನಕ್ಕರು.

“ಬುಡಕ್ಕಾಗಲ್ಲ ಸಾರ್. ನಾನು ಅಳಿಸ್ದೆ ಅಂದ್ರು. ಅಳಿಸಿಲ್ಲ. ಸೆಟ್ಟಿಂಗ್ ಬದ್ಲಾಯ್ಸಿದ್ದು ಯಾರು ಅಂತ ಬರೀಬೇಕು.”

“ಈಗ ಅದೆಲ್ಲ ಯಾಕಮ್ಮ, ಕೆಲಸ ಆಯ್ತಲ್ಲ” ಎಂದು ಪ್ರಿನ್ಸಿಪಾಲರು ಎಲ್ಲರನ್ನೂ ಉಪ್ಪಿಟ್ಟಿಗೆ ಕರೆದೊಯ್ದರು.

ಮರುದಿನ ನೋಟೀಸು ಬಂತು. ಯಾರಿಗೆ? ಅವರಿಗೇ. ‘ಕಾಲೇಜಿನ ಉಪಕರಣಗಳ ನಿರ್ವಹಣೆಯಲ್ಲಿ ಅಜಾಗರೂಕತೆ.’ ಲಿಖಿತ ಕ್ಷಮಾಪಣೆ ಕೊಡಬೇಕು ಎಂದಿತ್ತು. ಕ್ಷಮಾಪಣೆಯನ್ನು ಆಫೀಸಿನವರೇ ಟೈಪ್ ಮಾಡಿ ಜೊತೆಗಿಟ್ಟಿದ್ದರು, ಸಹಿಯೊಂದೇ ಬಾಕಿ. ಮೇಡಂ ಅದನ್ನು ಓದಿ, ಮಡಿಸಿ, ಸೂಪರಿಂಟೆಂಡೆಂಟರ ಟ್ರೇಗೆ ವಾಪಸ್ ಹಾಕಿ ಲ್ಯಾಬಿಗೆ ಹೋದರು. ಮಕ್ಕಳ ಪರೀಕ್ಷೆ ಹತ್ತಿರವಿತ್ತು. ನಾಲ್ಕು ದಿನದಲ್ಲಿ ಲ್ಯಾಬಿನ ಉಳಿದ ಅಷ್ಟೂ ಯಂತ್ರಗಳನ್ನು ಒಂದೊಂದಾಗಿ ಮೊದಲಿನಂತೆ ಮಾಡಿ, ಸೇಫ್ ಮೋಡಿಗೆ ತಂದು, ಸೆಟ್ಟಿಂಗ್ ಬದಲಿಸಿ, ಲಿನಕ್ಸನ್ನೂ ಕೂರಿಸಿದರು. ಈ ಸಲ ಅನುಮತಿ ಕೇಳಲಿಲ್ಲ. ಲಿನಕ್ಸ್ ಕೂರುವುದೇ ಇಲ್ಲ ಎನ್ನಿಸಿಕೊಂಡಿದ್ದ ಆ ಯಂತ್ರಗಳ ಮೇಲೇ ಮಕ್ಕಳು ಪರೀಕ್ಷೆ ಬರೆದರು.

ಪ್ರತಿ ಜೂನ್‌ನಲ್ಲಿ ಹೊಸದಾಗಿ ಆದೇಶ ಕೊಟ್ಟು ತೆಗೆದುಕೊಳ್ಳುವ ನೌಕರಿ ಅವರದು. ಆ ಜೂನ್‌ನಲ್ಲಿ ಆದೇಶ ಬರಲಿಲ್ಲ. ಅನುಭವದ ಪ್ರಮಾಣಪತ್ರ ಕೇಳಿದರು. ಹದಿನಾಲ್ಕು ವರ್ಷ ಎಲ್ಲಿಯಾದರೂ ಲೆಕ್ಕಕ್ಕೆ ಬರಬೇಕಾದರೆ ಆ ಒಂದು ಹಾಳೆ ಬೇಕು. ಕ್ಷಮಾಪಣೆಗೆ ಸಹಿ ಹಾಕಿದರೆ ಕೊಡುತ್ತೇವೆ ಎಂದರು. ಅವರು ಹಾಕಲಿಲ್ಲ. ಮದ್ದೂರಿಗೆ ಹೋಗಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟರು. ನನಗೆ ಬಡ್ತಿ ಸಿಕ್ಕಿತು. ಎರಡು ವರ್ಷ ಮದ್ದೂರಿನಲ್ಲಿ ಬಸ್ಸು ಬದಲಿಸುವಾಗಲೆಲ್ಲ ಆ ಓಣಿಯ ಕಡೆ ಮುಖ ಹಾಕದೆ ಓಡಾಡಿದೆ.

ಬೀಳ್ಕೊಡುಗೆಯ ಮರುದಿನ ಬೀರು ತೆಗೆಸಿದೆ. ಪ್ರಿನ್ಸಿಪಾಲರು ನಿವೃತ್ತರಾಗಿ ಆಗ ನಾನೇ ಪ್ರಭಾರ ಪ್ರಿನ್ಸಿಪಾಲ. ಮೇಡಂ ಕಡತದಲ್ಲಿ ನೋಟೀಸು, ಸಹಿಯಿಲ್ಲದ ಕ್ಷಮಾಪಣೆ ಎರಡೂ ಇದ್ದವು. ಅನುಭವದ ಪ್ರಮಾಣಪತ್ರ ಟೈಪ್ ಮಾಡಿ, ಮೊಹರು ಒತ್ತಿ, ಮದ್ದೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಎಂಥ ದೊಡ್ಡ ಕೆಲಸ ಮಾಡಿದೆ ಎಂದು ಒಳಗೊಳಗೇ ಬೀಗುತ್ತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆದರೂ ನಿಜ.

ಅಂಗಡಿಯಲ್ಲಿ ಅವರು ಒಂದು ಲ್ಯಾಪ್‌ಟಾಪಿನ ತಳ ಬಿಚ್ಚಿ ಕೂತಿದ್ದರು. ಕೂದಲು ನರೆತಿತ್ತು. ನನ್ನನ್ನು ನೋಡಿ, “ಏನು ಕೆಟ್ಟದೆ?” ಎಂದರು.

ಪತ್ರ ಕೊಟ್ಟೆ. ಎರಡು ಸಲ ಓದಿದರು.

“‘ಸೇವೆ ತೃಪ್ತಿಕರ’ ಅಂತೆ. ಸರಿ. ನೋಟೀಸು?”

“ಅದು ಹಳೆಯದು ಮೇಡಂ, ಕಡತದಲ್ಲಿ ಹಾಗೇ...”

“ಅಂಗೇ ಅಂದ್ರೆ? ನಾಳೆ ನಾನು ಬೇರೆ ಕಾಲೇಜಿಗೆ ಅರ್ಜಿ ಆಕ್ತೀನಿ. ಅವ್ರು ನಿಮ್ಮ ಆಫೀಸಿಗೆ ಫೋನ್ ಮಾಡ್ತಾರೆ. ಯಾರೋ ಒಬ್ರು ಕಡ್ತ ತೆಗ್ದು ಅಜಾಗರೂಕತೆ ಅಂತ ಓದ್ತಾರೆ. ಅಲ್ವಾ?”

“ಅವತ್ತು ನಾನು ಸುಳ್ಳು ಹೇಳಿದೆ. ಕ್ಷಮಿಸಬೇಕು” ಎಂದೆ.

ಅವರು ಸ್ಕ್ರೂಡ್ರೈವರ್ ಕೆಳಗಿಟ್ಟರು. ಹದಿನಾಲ್ಕು ವರ್ಷದಲ್ಲಿ ನಾನು ಕೇಳದಿದ್ದ ದನಿ ಅವತ್ತು ಕೇಳಿದೆ.

“ಇಲ್ಬಂದು ನನ್ನೊಬ್ಳ ಕಿವಿಗೆ ಯೋಳುದ್ರೆ ಏನ್ಬಂತು? ನಂಗೆ ಗೊತ್ತಿಲ್ದೆ ಇರೋದಾ ಅದು? ಅವತ್ತು ಆ ರೂಮಲ್ಲಿ ಯೋಳ್ಬೇಕಾಗಿತ್ತು. ಅವನು ಅಂದ ಮಾತು ಕೇಳುಸ್ಕೊಂಡು ಕೂತಿದ್ರಲ್ಲ, ಮೂರು ಜನ ಓದ್ಕೊಂಡೋರು! ನಮ್ಮಪ್ಪ ಕೇಳಿದ್ರೆ ಎದೆ ಒಡ್ಕೊಂಡು ಸಾಯೋನು. ನಾನು ಮನೇಲಿ ಇವತ್ತಿಗೂ ಯೋಳಿಲ್ಲ.”

ಬಾಗಿಲಲ್ಲಿ ನಿಂತಿದ್ದ ಗಿರಾಕಿಯೊಬ್ಬ ಹಿಂದಕ್ಕೆ ಸರಿದ. ಮೇಡಂ ಒಂದು ಬಿಳಿ ಹಾಳೆ, ಪೆನ್ನು ನನ್ನ ಮುಂದೆ ಹಾಕಿ ಸ್ಟೂಲು ನೂಕಿದರು.

“ಬರೀರಿ. ಸನಿವಾರ ಯಾರು ಬಂದ್ರು, ಏನು ಕಿತ್ತಾಕುದ್ರು, ಯಾರು ನೋಡುದ್ರು. ಸೋಮ್ವಾರ ಯಾರು ಏನಂದ್ರು. ಅಂದಿದ್ದು ಅಂದಂಗೇ ಬರೀರಿ.”

“ನನ್ನ ಹೆಸರೂ?”

“ನಿಮ್ಮೆಸ್ರೇ ಮೊದ್ಲು.”

ಎರಡು ಪುಟ ಬರೆದೆ. ಅವರು ಓದಿ ಎರಡು ಕಡೆ ತಿದ್ದಿಸಿದರು. ‘ಅಸಮಂಜಸ ಮಾತು’ ಎಂದು ಬರೆದಿದ್ದನ್ನು ಹೊಡೆಸಿಹಾಕಿ, ಆಡಿದ ಮಾತನ್ನೇ ಬರೆಸಿದರು. ಮೂರು ಪ್ರತಿ ತೆಗೆಸಿ ಮೂರಕ್ಕೂ ಸಹಿ ಮಾಡಿದೆ. ಒಂದು ಅವರಿಗೆ, ಒಂದು ಆಡಳಿತ ಮಂಡಳಿಗೆ, ಒಂದು ಅವರ ಕಡತದಲ್ಲಿ ಆ ನೋಟೀಸಿನ ಮೇಲೆ.

ಎಂಟನೇ ದಿನಕ್ಕೆ ನನ್ನ ಪ್ರಭಾರ ಹೋಯಿತು. ಸಂಸ್ಥೆಯ ಹೆಸರು ಕೆಡಿಸಿದ್ದಕ್ಕೆ ಕಾರಣ ಕೇಳಿ ನನಗೂ ಒಂದು ನೋಟೀಸು ಬಂದಿದೆ. ಮದುವೆ ಮನೆಗಳಲ್ಲಿ ನೆಂಟರು ಮುಖ ತಿರುಗಿಸುತ್ತಾರೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನಿಲ್ಲ. ಎರಡು ವರ್ಷ ತಡ ಮಾಡಿದವನಿಗೆ ಇಷ್ಟಾದರೂ ಆಗಬೇಕು. ಬೇರೆ ತಾಲ್ಲೂಕಿನ ಒಂದು ಕಾಲೇಜು ಮೇಡಂ ಅವರ ಪ್ರಮಾಣಪತ್ರ ನೋಡಿ ಸಂದರ್ಶನಕ್ಕೆ ಕರೆದಿದೆ ಎಂದು ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ ತಿಳಿಯಿತು.

ನಿನ್ನೆ ಮೇಡಂಗೆ ಫೋನ್ ಮಾಡಿ ನನ್ನ ನೋಟೀಸಿನ ವಿಷಯ ಹೇಳಿದೆ.

“ಜೊತೇಲಿ ಟೈಪ್ ಮಾಡಿರೋ ಕ್ಷಮಾಪಣೆ ಮಡಗವ್ರಾ?”

“ಇಟ್ಟಿದ್ದಾರೆ.”

“ಸೈನ್ ಆಕ್ಬುಟ್ಟೀರ ಮತ್ತೆ” ಎಂದರು. “ಗಿರಾಕಿ ಅವ್ರೆ, ಫೋನ್ ಮಡಗ್ತೀನಿ.”